ಪ್ರೋಗ್ರಾಮರ್‌ಗೆ ವಿಶ್ವಕೋಶದಲ್ಲಿ ಪುಟ: ಡೌನ್‌ಲೋಡ್ ಲೆಕ್ಕ ಸಾಲದು, ಬರೆದವರು ಬೇಕು

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಪ್ರೋಗ್ರಾಮರ್ ಒಬ್ಬರ ಬಗ್ಗೆ ಆನ್‌ಲೈನ್ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನ ಇರಬೇಕೇ ಬೇಡವೇ ಎಂಬ ವಾದ ವಿಕಿಪೀಡಿಯದ ಚರ್ಚಾಪುಟಗಳಲ್ಲಿ ಮತ್ತೆ ಮತ್ತೆ ಏಳುತ್ತಿರುತ್ತದೆ. ಅಲ್ಲಿ ಸ್ವಯಂಸೇವಕನಾಗಿ ಬರೆಯುತ್ತ, ಬೇರೆಯವರು ಬರೆದದ್ದನ್ನು ತಿದ್ದುತ್ತ ಬಂದಿರುವ ನಾನು ಇಂಥ ಹಲವು ಚರ್ಚೆಗಳಲ್ಲಿ ಪಾಲ್ಗೊಂಡಿದ್ದೇನೆ. ಲೇಖನ ಉಳಿಯಬೇಕು ಎನ್ನುವವರೂ ಅಳಿಸಬೇಕು ಎನ್ನುವವರೂ ಒಂದೇ ತಪ್ಪು ತಿಳಿವಳಿಕೆಯಿಂದ ಮಾತು ಶುರು ಮಾಡುವುದನ್ನು ಕಂಡಿದ್ದೇನೆ. ಆ ಬಗ್ಗೆ, ಹಾಗೆಯೇ ಪತ್ರಿಕೆಗಳಿಗೂ ಈ ವಿಷಯಕ್ಕೂ ಇರುವ ನೇರ ಸಂಬಂಧದ ಬಗ್ಗೆ, ಸ್ವಲ್ಪ ವಿವರವಾಗಿ ಬರೆಯಲು ತಮ್ಮ ಅನುಮತಿ ಕೋರುತ್ತೇನೆ.

ಚರ್ಚೆ ನಡೆಯುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಲೇಖನ ಇರಬಾರದೆಂದು ಯಾರಿಗಾದರೂ ಅನಿಸಿದರೆ ಅವರು ಕಾರಣ ಬರೆದು ಪ್ರಸ್ತಾವ ಇಡುತ್ತಾರೆ. ಲೇಖನದ ಮೇಲ್ಭಾಗದಲ್ಲಿ ಅದರ ಸೂಚನೆ ಬೀಳುತ್ತದೆ. ಸಾಮಾನ್ಯವಾಗಿ 7 ದಿನಗಳ ಕಾಲ ಯಾರು ಬೇಕಾದರೂ ಉಳಿಸಿ, ಅಳಿಸಿ, ಇನ್ನೊಂದು ಲೇಖನದೊಳಗೆ ಸೇರಿಸಿ ಎಂದು ಕಾರಣಸಹಿತ ಬರೆಯಬಹುದು. ಕೊನೆಗೆ, ಚರ್ಚೆಯಲ್ಲಿ ಪಾಲ್ಗೊಳ್ಳದ ಒಬ್ಬರು ವಾದಗಳನ್ನೆಲ್ಲ ತೂಗಿ ನೋಡಿ ತೀರ್ಮಾನ ಬರೆಯುತ್ತಾರೆ. ತಲೆ ಎಣಿಸಿ ಗೆಲುವು ಸೋಲು ಹೇಳುವ ಪದ್ಧತಿ ಅಲ್ಲಿಲ್ಲ. ಅಳತೆಗೋಲು ಸರಳವಾಗಿಯೇ ಇದೆ: ಆ ವ್ಯಕ್ತಿಯ ಜೊತೆ ಲಾಭದ ಅಥವಾ ಕೆಲಸದ ನಂಟಿಲ್ಲದ, ನಂಬಬಹುದಾದ ಮೂಲಗಳು ಅವರ ಬಗ್ಗೆ ಸಾಕಷ್ಟು ವಿವರವಾಗಿ ಬರೆದಿವೆಯೇ? ಬರೆದಿದ್ದರೆ ಲೇಖನ ನಿಲ್ಲುತ್ತದೆ, ಇಲ್ಲದಿದ್ದರೆ ನಿಲ್ಲುವುದು ಕಷ್ಟ.

ಕೆಲವು ಕಾಲದ ಹಿಂದೆ ನಡೆದ ಒಂದು ಚರ್ಚೆಯನ್ನು ಹೆಸರು ಹೇಳದೆ ವಿವರಿಸುತ್ತೇನೆ, ಏಕೆಂದರೆ ಆ ವ್ಯಕ್ತಿ ಯಾವ ತಪ್ಪನ್ನೂ ಮಾಡಿದವರಲ್ಲ, ತಮ್ಮ ಬಗ್ಗೆ ಲೇಖನ ಬರೆಯಿರೆಂದು ಯಾರನ್ನೂ ಕೇಳಿದವರೂ ಅಲ್ಲ. ಅವರು ಬರೆದ ಮುಕ್ತ ತಂತ್ರಾಂಶವೊಂದು ಸಾವಿರಾರು ಬೇರೆ ತಂತ್ರಾಂಶಗಳ ಒಳಗೆ ಸೇರಿಕೊಂಡಿದೆ. ಲೇಖನದ ಕೆಳಗೆ ಉಲ್ಲೇಖಗಳ ಉದ್ದನೆಯ ಪಟ್ಟಿಯೇ ಇತ್ತು; ಒಂದೊಂದನ್ನೇ ತೆರೆದು ಓದಿದಾಗ ಚಿತ್ರ ಬೇರೆಯಾಯಿತು. ಒಂದು, ಅವರದೇ ಬ್ಲಾಗ್. ಇನ್ನೊಂದು, ಅವರು ಕೆಲಸ ಮಾಡುವ ಕಂಪನಿಯ ಪರಿಚಯ ಪುಟ. ಸಮ್ಮೇಳನವೊಂದರ ಕಾರ್ಯಕ್ರಮಪಟ್ಟಿ, ಅದರಲ್ಲಿನ ಪರಿಚಯದ ನಾಲ್ಕು ಸಾಲುಗಳನ್ನು ಭಾಷಣಕಾರರೇ ಬರೆದು ಕಳುಹಿಸಿರುತ್ತಾರೆ. ಪಾಡ್‌ಕಾಸ್ಟ್ ಸಂದರ್ಶನವೊಂದಿತ್ತು, ಅಲ್ಲಿ ಕೇಳುವುದು ಅವರದೇ ಮಾತು. ಸುದ್ದಿತಾಣವೊಂದರ ವರದಿ ಇತ್ತು, ಅದರಲ್ಲಿ ಹತ್ತಾರು ಜನರ ನಡುವೆ ಅವರ ಹೆಸರು ಒಮ್ಮೆ ಹಾದುಹೋಗಿತ್ತು. ಇವೆಲ್ಲ ಮುಗಿದ ಮೇಲೆ, ಪಟ್ಟಿಯ ಕೊನೆಗೆ ಯಾರೂ ಗಮನಿಸದ ಹಾಗೆ, ಬೇರೊಬ್ಬರು ಬರೆದ ತಾಂತ್ರಿಕ ಪುಸ್ತಕದ ಒಂದು ಅಧ್ಯಾಯದ ಉಲ್ಲೇಖವಿತ್ತು. ಈ ತಂತ್ರಾಂಶವನ್ನು ಅವರು ಹೀಗೇ ಏಕೆ ಕಟ್ಟಿದರು, ಅದಕ್ಕೆ ಮೊದಲು ಅದೇ ಕೆಲಸಕ್ಕೆ ಜನ ಏನು ಬಳಸುತ್ತಿದ್ದರು, ಅವರ ವಿನ್ಯಾಸವನ್ನು ಮುಂದೆ ಯಾರು ಅನುಸರಿಸಿದರು ಎಂದು ಆ ಲೇಖಕರು ಹಲವು ಪುಟ ಬರೆದಿದ್ದರು.

ಇಡೀ ಪಟ್ಟಿಯಲ್ಲಿ ವಿಶ್ವಕೋಶಕ್ಕೆ ನಿಜವಾಗಿ ಬೇಕಾಗಿದ್ದುದು ಆ ಅಧ್ಯಾಯ ಒಂದೇ. ಆದರೆ ಚರ್ಚೆಯಲ್ಲಿ ಅದರ ಮಾತೇ ಬರಲಿಲ್ಲ. ಉಳಿಸಬೇಕು ಎಂದವರು "ಇವರ ಕೋಡ್ ಇಲ್ಲದೆ ಅರ್ಧ ಇಂಟರ್ನೆಟ್ ನಿಂತುಹೋಗುತ್ತದೆ" ಎಂದು ಬರೆದರು; ಅಳಿಸಬೇಕು ಎಂದವರು "ಇವರ ಹೆಸರನ್ನೇ ಕೇಳಿಲ್ಲ" ಎಂದು ಬರೆದರು. ಇಬ್ಬರೂ ವಿಶ್ವಕೋಶದ ಪುಟವನ್ನು ಒಂದು ಬಿರುದಿನಂತೆ ಕಂಡರು, ಅದನ್ನು ಕೊಡಬೇಕೇ ಕೊಡಬಾರದೇ ಎಂದು ಜಗಳವಾಡಿದರು. ನಾನು ಮೇಲೆ ಹೇಳಿದ ತಪ್ಪು ತಿಳಿವಳಿಕೆ ಇದೇ. ವ್ಯಕ್ತಿ ಎಷ್ಟು ದೊಡ್ಡವರು ಎಂದು ತೀರ್ಪು ಕೊಡುವುದು ವಿಶ್ವಕೋಶ ಬರೆಯುವವರ ಕೆಲಸವಲ್ಲ. ಆ ಕೆಲಸಕ್ಕೆ ಬೇಕಾದ ಅಧಿಕಾರವೂ ನಮಗಿಲ್ಲ, ತಿಳಿವಳಿಕೆಯೂ ಇಲ್ಲ. ಆ ವ್ಯಕ್ತಿಯ ಬಗ್ಗೆ ಸತ್ಯವಾದ, ಪರಿಶೀಲಿಸಬಹುದಾದ ನಾಲ್ಕು ಪ್ಯಾರಾಗಳನ್ನು ಅವರ ಬಾಯಿಮಾತನ್ನೇ ನೆಚ್ಚಿಕೊಳ್ಳದೆ ಬರೆಯಲು ಸಾಧ್ಯವೇ ಎಂಬುದನ್ನಷ್ಟೇ ನಾವು ನೋಡಬೇಕು.

ಡೌನ್‌ಲೋಡ್ ಲೆಕ್ಕದ ವಾದ ಈ ಚರ್ಚೆಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವುದರಿಂದ ಅದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಕೇಳಿದ ಕೂಡಲೇ ಅದು ಸರಿ ಎನಿಸುತ್ತದೆ. ಲಕ್ಷಾಂತರ ಬಾರಿ ಡೌನ್‌ಲೋಡ್ ಆದ ತಂತ್ರಾಂಶ ಬರೆದವರು ಗಣ್ಯರಲ್ಲವೇ? ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ, ಮೆಚ್ಚಿದವರು ಒತ್ತುವ ನಕ್ಷತ್ರಗಳು ಸಾವಿರಾರು ಬಿದ್ದಿರುವುದಕ್ಕೆ ಅರ್ಥವಿಲ್ಲವೇ? 2016ರ ಮಾರ್ಚ್‌ನಲ್ಲಿ ನಡೆದ ಲೆಫ್ಟ್‌ಪ್ಯಾಡ್ ಪ್ರಸಂಗ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಲೆಫ್ಟ್‌ಪ್ಯಾಡ್ ಎಂಬುದು 11 ಸಾಲುಗಳ ಜಾವಾಸ್ಕ್ರಿಪ್ಟ್ ಕೋಡ್. ಒಂದು ಪದ ಅಥವಾ ಅಂಕಿಯ ಎಡಭಾಗಕ್ಕೆ ಖಾಲಿ ಜಾಗವನ್ನೋ ಸೊನ್ನೆಗಳನ್ನೋ ಸೇರಿಸಿ ನಿಗದಿತ ಉದ್ದಕ್ಕೆ ತರುವುದಷ್ಟೇ ಅದರ ಕೆಲಸ. ಇಂಥ ಸಿದ್ಧ ಕೋಡ್ ತುಣುಕುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಹಂಚುವ ಎನ್‌ಪಿಎಂ ಸಂಸ್ಥೆಯ ಜೊತೆ ಬೇರೊಂದು ಪ್ಯಾಕೇಜಿನ ಹೆಸರಿನ ಬಗ್ಗೆ ಜಗಳವಾಗಿ ಲೆಫ್ಟ್‌ಪ್ಯಾಡ್ ಬರೆದವರು ತಮ್ಮ ಪ್ಯಾಕೇಜುಗಳನ್ನೆಲ್ಲ ಅಲ್ಲಿಂದ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಬೇಬೆಲ್, ರಿಯಾಕ್ಟ್‌ನಂಥ ದೊಡ್ಡ ತಂತ್ರಾಂಶಗಳನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸವೂ ಕೆಲಹೊತ್ತು ಕೈಕೊಟ್ಟಿತು. ಆ 11 ಸಾಲುಗಳು ತಿಂಗಳಿಗೆ 20 ಲಕ್ಷಕ್ಕೂ ಹೆಚ್ಚು ಬಾರಿ ಡೌನ್‌ಲೋಡ್ ಆಗುತ್ತಿದ್ದವು.

ಹಾಗೆ ಡೌನ್‌ಲೋಡ್ ಮಾಡಿಕೊಂಡವರಲ್ಲಿ ಹೆಚ್ಚಿನವರಿಗೆ ಲೆಫ್ಟ್‌ಪ್ಯಾಡ್ ಎಂಬುದೊಂದಿದೆ ಎಂದೇ ತಿಳಿದಿರಲಿಲ್ಲ. ಅವರಿಗೆ ಬೇಕಾಗಿದ್ದುದು ಬೇರೇನೋ. ಅದಕ್ಕೆ ಇನ್ನೊಂದು ಬೇಕಿತ್ತು, ಆ ಇನ್ನೊಂದಕ್ಕೆ ಲೆಫ್ಟ್‌ಪ್ಯಾಡ್ ಬೇಕಿತ್ತು, ಯಂತ್ರ ಯಾರನ್ನೂ ಕೇಳದೆ ಎಲ್ಲವನ್ನೂ ಎಳೆದುಕೊಂಡು ಬಂತು. ಪ್ರತಿ ಬಾರಿ ಕೋಡ್ ಬದಲಾದಾಗ ತಾನೇ ಪರೀಕ್ಷೆ ನಡೆಸುವ ವ್ಯವಸ್ಥೆಗಳು ಒಂದೇ ಪ್ಯಾಕೇಜನ್ನು ದಿನಕ್ಕೆ ಎಷ್ಟೋ ಸಲ ಇಳಿಸಿಕೊಳ್ಳುತ್ತವೆ, ಲೆಕ್ಕ ಏರುತ್ತಲೇ ಹೋಗುತ್ತದೆ. ಹಾಗಾದರೆ ಆ ಸಂಖ್ಯೆ ಯಾರ ಮೆಚ್ಚುಗೆಯನ್ನು ಹೇಳುತ್ತದೆ? ಯಾರ ಮೆಚ್ಚುಗೆಯನ್ನೂ ಹೇಳುವುದಿಲ್ಲ, ಯಾವ ತೀರ್ಪನ್ನೂ ಕೊಡುವುದಿಲ್ಲ. ಈ ಪ್ರಸಂಗದ ಬಗ್ಗೆ ಇಂದು ವಿಕಿಪೀಡಿಯದಲ್ಲಿ ಲೇಖನವಿದೆ, ಅದು ಸರಿಯಾಗಿಯೇ ಇದೆ. ಏಕೆಂದರೆ ಘಟನೆಯ ಬಗ್ಗೆ, ಅದು ತೋರಿಸಿಕೊಟ್ಟ ಅಪಾಯದ ಬಗ್ಗೆ ಹಲವರು ಬರೆದರು. ಒಂದೇ ಘಟನೆಯಿಂದ ಹೆಸರಾದವರ ವಿಷಯದಲ್ಲಿ ಘಟನೆಗೆ ಲೇಖನ ಬರೆಯುವುದು, ವ್ಯಕ್ತಿಯ ಇಡೀ ಬದುಕನ್ನು ಅದರ ಹಿಂದೆ ಎಳೆದುಕೊಂಡು ಬರದಿರುವುದು ವಿಕಿಪೀಡಿಯದ ರೂಢಿ. ಅದು ಮಾನವೀಯವಾದ ರೂಢಿಯೂ ಹೌದು ಎಂದು ನನ್ನ ನಂಬಿಕೆ.

ಇದಕ್ಕೆ ಎದುರಾಗಿ, ನಿಜಕ್ಕೂ ಜಗತ್ತಿನ ಭಾರ ಹೊತ್ತಿರುವ ಕೆಲಸಗಳೂ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಜಗತ್ತಿನ ಯಾವ ಪ್ರದೇಶದಲ್ಲಿ ಯಾವ ಕಾಲಮಾನ ನಡೆಯುತ್ತದೆ, ಯಾವ ದೇಶ ಯಾವ ವರ್ಷ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು, ಹಿಂದಿಟ್ಟಿತು ಎಂಬ ದಾಖಲೆಯನ್ನು 1980ರ ದಶಕದಿಂದ ಸ್ವಯಂಸೇವಕರು ಕಾಪಾಡಿಕೊಂಡು ಬಂದಿದ್ದಾರೆ. ಅದನ್ನು ಆರಂಭಿಸಿದವರು ಆರ್ಥರ್ ಡೇವಿಡ್ ಓಲ್ಸನ್. ಸಭೆಯ ಸಮಯವನ್ನು ಬೇರೆ ದೇಶದವರ ಸಮಯಕ್ಕೆ ಹೊಂದಿಸಿ ತೋರಿಸುವ ಬಹುತೇಕ ಫೋನು, ಕಂಪ್ಯೂಟರುಗಳು ಆ ದಾಖಲೆಯನ್ನೇ ನೆಚ್ಚಿವೆ. ಇಂಥ ಎಲೆಮರೆಯ ಕಾಯಿಗಳ ಬಗ್ಗೆ ಬರೆಯಬೇಕೆಂಬ ಹಂಬಲ ಸಹಜವಾದದ್ದೇ. ಆದರೆ ಬರೆಯುವುದು ಏನನ್ನು? ಅವರ ಶ್ರಮದ ಕುರುಹು ಫೈಲುಗಳಲ್ಲಿದೆ, ಇಮೇಲ್ ಪಟ್ಟಿಗಳ ಕಡತಗಳಲ್ಲಿದೆ. ಅದರಿಂದ ಕಥೆ ಹೆಣೆಯಬೇಕಾದವರು ಇತಿಹಾಸಕಾರರು ಅಥವಾ ಪತ್ರಕರ್ತರು. ಅವರು ಹೆಣೆದ ಮೇಲೆ ವಿಶ್ವಕೋಶ ಅದನ್ನು ಸಂಗ್ರಹಿಸಿ ಹೇಳಬಹುದು.

"ಕೋಡ್ ಇತಿಹಾಸವೇ ಸಾಕ್ಷಿಯಲ್ಲವೇ, ಅದಕ್ಕಿಂತ ನಂಬಲರ್ಹ ದಾಖಲೆ ಯಾವುದಿದೆ" ಎಂದು ಪ್ರೋಗ್ರಾಮರ್ ಮಿತ್ರರು ಕೇಳುತ್ತಾರೆ. ಕೇಳುವುದು ನ್ಯಾಯವಾಗಿಯೇ ಇದೆ. ಕೋಡ್‌ನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಎಂಬ ಸಾಧನದ ದಾಖಲೆಯನ್ನು ತೆರೆದರೆ ಪ್ರತಿ ಬದಲಾವಣೆಗೂ ಒಂದು ಹೆಸರು, ಒಂದು ದಿನಾಂಕ, ಬದಲಾದ ಸಾಲು, ಬದಲಿಸಿದ್ದಕ್ಕೆ ಒಂದು ಚಿಕ್ಕ ವಿವರಣೆ ಸಿಗುತ್ತದೆ. ಇಷ್ಟು ಕರಾರುವಾಕ್ಕಾದ ದಾಖಲೆ ಬೇರೆ ಯಾವ ಕಸುಬಿನಲ್ಲೂ ಇರಲಾರದು. ಆದರೆ ಅದರಿಂದ ಒಂದು ವಾಕ್ಯ ಬರೆಯಲು ಹೊರಟರೆ ಕಷ್ಟ ತಿಳಿಯುತ್ತದೆ. ಸಾವಿರ ಬದಲಾವಣೆ ಮಾಡಿದವರು ಕಾಗುಣಿತ ತಿದ್ದಿರಬಹುದು, ಹತ್ತೇ ಬದಲಾವಣೆ ಮಾಡಿದವರು ಇಡೀ ಯೋಜನೆಯ ದಿಕ್ಕನ್ನು ಬದಲಿಸಿರಬಹುದು. ಬೇರೊಬ್ಬರು ಬರೆದುಕೊಟ್ಟದ್ದನ್ನು ಇನ್ನೊಬ್ಬರು ತಮ್ಮ ಖಾತೆಯಿಂದ ಸೇರಿಸಿರಬಹುದು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಸಾವಿರಾರು ಜನ ಕೋಡ್ ಕೊಟ್ಟಿದ್ದಾರೆ. ಅವರಲ್ಲಿ ಯಾರ ಕೊಡುಗೆ ನಿರ್ಣಾಯಕ ಎಂದು ಹೇಳಲು ಕರ್ನೆಲ್ ಬಲ್ಲವರೊಬ್ಬರು ಕುಳಿತು ವಿವೇಚಿಸಬೇಕು, ಹಾಗೆ ವಿವೇಚಿಸಿದ್ದನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸಿ ಅದರ ಹೊಣೆ ಹೊರಬೇಕು. ಹೆಸರಿಲ್ಲದ ವಿಕಿಪೀಡಿಯ ಸಂಪಾದಕನೊಬ್ಬ ತನ್ನ ಮನೆಯಲ್ಲಿ ಕೂತು ಆ ತೀರ್ಪು ಕೊಟ್ಟರೆ ಓದುಗರು ಅದನ್ನು ಯಾವ ಆಧಾರದ ಮೇಲೆ ನಂಬಬೇಕು? ಸ್ವಂತ ಸಂಶೋಧನೆಯನ್ನು ವಿಶ್ವಕೋಶದೊಳಗೆ ತರಬಾರದು ಎಂಬ ನಿಯಮ ಹುಟ್ಟಿದ್ದು ಈ ಕಾರಣಕ್ಕೇ.

ಇನ್ನು ಪ್ರಾಧ್ಯಾಪಕರ ಹೋಲಿಕೆ. ವಿದ್ವಾಂಸರಿಗೆ ವಿಕಿಪೀಡಿಯದಲ್ಲಿ ಬೇರೆಯೇ ಅಳತೆಯಿದೆ. ಪತ್ರಿಕೆಗಳು ಅವರ ಬಗ್ಗೆ ಬರೆಯದಿದ್ದರೂ ಅವರ ಸಂಶೋಧನೆಯನ್ನು ಆ ಕ್ಷೇತ್ರದವರು ವ್ಯಾಪಕವಾಗಿ ಉಲ್ಲೇಖಿಸಿದ್ದರೆ ಸಾಕು. ಪ್ರೋಗ್ರಾಮರ್‌ಗಳಿಗೂ ಅಂಥದ್ದೊಂದು ಬೇಡವೇ ಎಂಬ ಬೇಡಿಕೆಯನ್ನು ನಾನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ಆದರೆ ಒಬ್ಬ ಸಂಶೋಧಕ ಇನ್ನೊಬ್ಬರ ಪ್ರಬಂಧವನ್ನು ಉಲ್ಲೇಖಿಸುವಾಗ ತನ್ನ ಕೈಯಿಂದ, ತನ್ನ ವಾದದ ಭಾಗವಾಗಿ ಬರೆಯುತ್ತಾನೆ. ಯಂತ್ರ ಎಳೆದುಕೊಂಡು ಬಂದ ಅವಲಂಬನೆಯಲ್ಲಿ ಆ ವಿವೇಚನೆ ಇರುವುದಿಲ್ಲ. ತಂತ್ರಾಂಶ ಲೋಕದಲ್ಲೂ ವಿವೇಚನೆಯಿಂದ ಬಂದ ಗುರುತುಗಳಿವೆ. ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ 1966ರಿಂದ ಟ್ಯೂರಿಂಗ್ ಪ್ರಶಸ್ತಿ ಕೊಡುತ್ತಿದೆ. ತಂತ್ರಾಂಶ ವ್ಯವಸ್ಥೆಗಳಿಗೆಂದೇ 1983ರಿಂದ ಪ್ರತ್ಯೇಕ ಪುರಸ್ಕಾರವಿದೆ, ಮೊದಲ ವರ್ಷ ಅದು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಸಂದಿತು, 1986ರಲ್ಲಿ ಅಕ್ಷರಜೋಡಣೆಯ ತಂತ್ರಾಂಶ ಟೆಕ್ ಬರೆದ ಡೊನಾಲ್ಡ್ ಕ್ನೂತ್ ಅವರಿಗೆ. ಕರ್ಲ್ ಎಂಬ ತಂತ್ರಾಂಶವನ್ನು ವರ್ಷಗಟ್ಟಲೆ ಬೆಳೆಸಿಕೊಂಡು ಬಂದ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ 2017ರಲ್ಲಿ ಸ್ವೀಡನ್ನಿನ ಪೊಲ್ಹೆಮ್ ಪುರಸ್ಕಾರ ಬಂತು. ಜಾಲದ ಮೂಲಕ ದತ್ತಾಂಶ ಸಾಗಿಸುವ ಆ ಸಾಧನ ಫೋನು, ಕಾರು, ಟಿವಿಗಳ ಒಳಗೆಲ್ಲ ಅಡಗಿ ಕುಳಿತಿದ್ದರೂ ಬಳಸುವವರಿಗೆ ಅದರ ಹೆಸರು ಗೊತ್ತಿರುವುದಿಲ್ಲ. ಹಾಗಿದ್ದೂ ಎಂಜಿನಿಯರುಗಳ ತೀರ್ಪುಗಾರರು ಅದನ್ನು ಪರಿಶೀಲಿಸಿ, ಆರಿಸಿ, ಕಾರಣ ಹೇಳಿದರು. ಅಂಥದ್ದೊಂದು ತೀರ್ಪು ಗಿಟ್‌ಹಬ್‌ನ ಸಾವಿರ ನಕ್ಷತ್ರಗಳಿಗಿಂತ ಹೆಚ್ಚು ತೂಗುತ್ತದೆ.

"ಇಂಟರ್ನೆಟ್‌ನಲ್ಲಿ ಜಾಗಕ್ಕೇನು ಬರ, ಒಂದು ಪುಟ ಇದ್ದರೆ ಯಾರಿಗೆ ನಷ್ಟ" ಎಂಬ ಪ್ರಶ್ನೆಯೂ ಬರುತ್ತದೆ. ನಷ್ಟ ಆಗುವುದು ಮೊದಲು ಆ ವ್ಯಕ್ತಿಗೇ. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಬಗ್ಗೆ ವಿಕಿಪೀಡಿಯದಲ್ಲಿದ್ದ ಲೇಖನದಲ್ಲಿ, ಕೆನಡಿ ಸೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆಯಿತ್ತು ಎಂಬ ಹಸಿ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿದಿತ್ತು. ಅವರು ದೇಶಕ್ಕೆ ಪರಿಚಿತರು, ತಮ್ಮ ನೋವನ್ನು ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ತಿಳಿಸಬಲ್ಲವರು. ಆದ್ದರಿಂದಲೇ ಅದು ದೊಡ್ಡ ಸುದ್ದಿಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯವು ನೋಂದಣಿ ಇಲ್ಲದವರು ಹೊಸ ಲೇಖನ ಆರಂಭಿಸುವುದನ್ನು ನಿಲ್ಲಿಸಿತು, ಬದುಕಿರುವವರ ಬಗ್ಗೆ ಬರೆಯುವ ನಿಯಮಗಳೂ ಆ ಬಳಿಕ ಬಿಗಿಯಾದವು. ತಂತ್ರಾಂಶ ಬರೆದುಕೊಂಡು ತಮ್ಮ ಪಾಡಿಗೆ ತಾವಿರುವ ವ್ಯಕ್ತಿಯ ಪುಟದಲ್ಲಿ ಇಂಥದ್ದು ಸೇರಿಕೊಂಡರೆ ಗಮನಿಸುವವರು ಯಾರು? ಓದುವವರು ಕಡಿಮೆ ಇರುವ ಪುಟವನ್ನು ಕಾಯುವವರೂ ಕಡಿಮೆ. ಯೋಜನೆಯಿಂದ ಮುನಿಸಿಕೊಂಡು ಹೊರಹೋದ ಸಹೋದ್ಯೋಗಿ ಬರೆದ ಒಂದು ಸಾಲು, ತಪ್ಪಾದ ಒಂದು ಜನ್ಮದಿನಾಂಕ, ಹುಡುಕು ತಾಣಗಳ ಮೊದಲ ಫಲಿತಾಂಶದಲ್ಲಿ ಕೂತುಬಿಡುತ್ತದೆ. ಸ್ವತಂತ್ರ ಮೂಲ ಇದ್ದರೆ ಅದನ್ನು ತೋರಿಸಿ ಆ ಸಾಲನ್ನು ತೆಗೆಯಬಹುದು. ಮೂಲವೇ ಇಲ್ಲದ ಪುಟದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಹೇಳಲು ಹಿಡಿಯುವುದೇನನ್ನು? ಅಷ್ಟಾಗಿ ಪ್ರಸಿದ್ಧರಲ್ಲದವರು ತಮ್ಮ ಲೇಖನ ಬೇಡವೆಂದು ಕೇಳಿಕೊಂಡಾಗ, ಚರ್ಚೆಯಲ್ಲಿ ಸ್ಪಷ್ಟ ಒಮ್ಮತ ಮೂಡದಿದ್ದರೆ ಅದನ್ನು ಅಳಿಸಲು ನಿಯಮ ಅವಕಾಶ ಕೊಡುತ್ತದೆ. ಪ್ರೀತಿಯಿಂದ ಲೇಖನ ಬರೆಯಲು ಹೊರಡುವ ಅಭಿಮಾನಿಗಳು ಇದನ್ನೊಮ್ಮೆ ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಎರಡನೆಯ ನಷ್ಟ ಓದುಗರಿಗೆ. ನಿಯಮ ಸಡಿಲವಾದ ಕಡೆ ಮೊದಲು ನುಗ್ಗುವವರು ಎಲೆಮರೆಯ ಕಾಯಿಗಳಲ್ಲ, ದುಡ್ಡು ಕೊಟ್ಟು ಬರೆಸಿಕೊಳ್ಳುವವರು. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು ಇಂಥದೊಂದು ಜಾಲವನ್ನು ಪತ್ತೆ ಹಚ್ಚಿ 381 ಖಾತೆಗಳನ್ನು ನಿರ್ಬಂಧಿಸಿದರು. ತಿರಸ್ಕೃತವಾದ ಕರಡುಗಳನ್ನು ಹುಡುಕಿ, ಅವುಗಳ ಹಿಂದಿನ ವ್ಯಕ್ತಿ ಅಥವಾ ವ್ಯಾಪಾರಿಯನ್ನು ಸಂಪರ್ಕಿಸಿ, ಹಣ ಕೊಟ್ಟರೆ ಲೇಖನ ಹಾಕಿಸುತ್ತೇವೆ, ಮತ್ತೆ ಕೊಟ್ಟರೆ ಅಳಿಯದಂತೆ ಕಾಯುತ್ತೇವೆ ಎಂದು ಸುಲಿಗೆ ಮಾಡುವುದು ಆ ಜಾಲದ ದಂಧೆಯಾಗಿತ್ತು. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕೆಂಬ ಷರತ್ತು 2014ರಿಂದ ಇದ್ದರೂ ನಡೆದದ್ದು ಇದು. ತಮ್ಮನ್ನು ತಾವು "ದಾರ್ಶನಿಕ ತಂತ್ರಜ್ಞ" ಎಂದು ಕರೆದುಕೊಳ್ಳುವವರ ಪುಟಗಳು ನೂರಾರು ಬಂದು ನಿಂತರೆ, ನಿಜವಾಗಿ ಏನನ್ನಾದರೂ ಕಟ್ಟಿದವರ ಪುಟವನ್ನೂ ಓದುಗರು ಅದೇ ಅನುಮಾನದ ಕಣ್ಣಿನಿಂದ ನೋಡುತ್ತಾರೆ.

ಹೀಗೆಂದು ನಾನು ಅಳಿಸುವವರ ಪಕ್ಷ ವಹಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಚರ್ಚೆಗೆ ಬಂದು, ಒಮ್ಮೆ ಹುಡುಕು ತಾಣದಲ್ಲಿ ಹೆಸರು ಬರೆದು, ಮೊದಲ ಪುಟದಲ್ಲಿ ದೊಡ್ಡ ಪತ್ರಿಕೆಯ ಸುದ್ದಿ ಕಾಣದ ಕೂಡಲೇ ಅಳಿಸಿ ಎಂದು ಬರೆದು ಹೋಗುವವರ ಮೇಲೆ ನನಗೆ ಬೇಸರವಿದೆ. ಪ್ರೋಗ್ರಾಮರ್‌ಗಳ ಬಗ್ಗೆ ಬರವಣಿಗೆ ಇರುವ ಜಾಗಗಳು ಬೇರೆ: ತಾಂತ್ರಿಕ ಪುಸ್ತಕಗಳು, ಹಳೆಯ ಕಂಪ್ಯೂಟರ್ ಮಾಸಿಕಗಳು, ತಂತ್ರಾಂಶ ಇತಿಹಾಸದ ನಿಯತಕಾಲಿಕಗಳು. ಅವುಗಳಲ್ಲಿ ಎಷ್ಟೋ ಇನ್ನೂ ಅಂತರ್ಜಾಲಕ್ಕೆ ಬಂದಿಲ್ಲ, ಬಂದವೂ ಚಂದಾದಾರರಿಗಷ್ಟೇ ತೆರೆಯುತ್ತವೆ. ಮೂಲ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ ಎಂಬುದನ್ನೂ ಮರೆಯುತ್ತಾರೆ. ಹುಡುಕದೆ ಇಲ್ಲವೆನ್ನುವುದು ಸೋಮಾರಿತನ, ಅದಕ್ಕೆ ನಿಯಮದ ಹೆಸರು ಕೊಡುವುದು ಇನ್ನೂ ಕೆಟ್ಟದ್ದು. 2018ರ ಮೇ ತಿಂಗಳಲ್ಲಿ ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ ಬರೆದ ಕರಡನ್ನು ಸಾಕಷ್ಟು ಮೂಲಗಳಿಲ್ಲವೆಂದು ತಿರಸ್ಕರಿಸಲಾಯಿತು. ಅವರು ಆ ವೇಳೆಗಾಗಲೇ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದವರು. ವಿದ್ವಾಂಸರಿಗೆ ಇರುವ ಅಳತೆಯನ್ನು ಸರಿಯಾಗಿ ಹಚ್ಚಿದ್ದರೆ ಲೇಖನ ನಿಲ್ಲುತ್ತಿತ್ತು. ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಘೋಷಣೆಯಾದ ಮೇಲೆ ಲೇಖನ ಬಂತು, ವಿಕಿಪೀಡಿಯ ತಲೆತಗ್ಗಿಸಬೇಕಾಯಿತು.

ಹಾಗಿದ್ದರೂ ಕೊರತೆಯ ಬೇರು ವಿಶ್ವಕೋಶದ ಒಳಗಿಲ್ಲ. ಅದನ್ನು ತೋರಿಸಲು ಎನಿಯಾಕ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1946ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಆ ಬೃಹತ್ ಗಣಕಯಂತ್ರವನ್ನು ಸಾರ್ವಜನಿಕರಿಗೆ ತೋರಿಸಿದಾಗ ಪತ್ರಿಕೆಗಳು ಯಂತ್ರವನ್ನೂ ಅದನ್ನು ಕಟ್ಟಿದ ಎಂಜಿನಿಯರುಗಳನ್ನೂ ಹಾಡಿ ಹೊಗಳಿದವು. ಅದರ ಮೇಲೆ ಲೆಕ್ಕಗಳನ್ನು ನಡೆಸುವ ಕ್ರಮವನ್ನು ರೂಪಿಸಿದ ಆರು ಜನ ಮಹಿಳೆಯರನ್ನು ಯಾರೂ ಪರಿಚಯಿಸಲಿಲ್ಲ. ಕೈಪಿಡಿಯೂ ಇಲ್ಲದ ಕಾಲದಲ್ಲಿ ನಕ್ಷೆಗಳನ್ನು ಮುಂದಿಟ್ಟುಕೊಂಡು, ಕೇಬಲ್ಲುಗಳನ್ನು ಸಿಕ್ಕಿಸಿ, ಸ್ವಿಚ್ಚುಗಳನ್ನು ತಿರುಗಿಸಿ ಫಿರಂಗಿ ಗುಂಡಿನ ಪಥದ ಲೆಕ್ಕವನ್ನು ಆ ಯಂತ್ರದಿಂದ ಮಾಡಿಸಿದವರು ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟಿ ಜೀನ್ ಜೆನಿಂಗ್ಸ್, ಬೆಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. 1980ರ ದಶಕದಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಹಳೆಯ ಫೋಟೋಗಳಲ್ಲಿ ಯಂತ್ರದ ಪಕ್ಕ ನಿಂತಿದ್ದ ಈ ಹೆಂಗಸರು ಯಾರೆಂದು ವಿಚಾರಿಸಿದಾಗ, ಚಿತ್ರ ಚೆನ್ನಾಗಿ ಕಾಣಲೆಂದು ನಿಲ್ಲಿಸಿದ ಮಾಡೆಲ್‌ಗಳಿರಬೇಕು ಎಂಬ ಉತ್ತರ ಬಂತು. ಆಕೆ ಅಲ್ಲಿಗೆ ಬಿಡಲಿಲ್ಲ. ಅವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿ ದಾಖಲಿಸಿದರು, ಬೇರೆಯವರೂ ಬರೆದರು, 1997ರಲ್ಲಿ ತಂತ್ರಜ್ಞಾನದಲ್ಲಿನ ಮಹಿಳೆಯರ ಅಂತರರಾಷ್ಟ್ರೀಯ ಸಂಸ್ಥೆಯೊಂದು ಆರೂ ಜನರನ್ನು ಗೌರವಿಸಿತು. ಇಂದು ಅವರೆಲ್ಲರ ಬಗ್ಗೆ ವಿಕಿಪೀಡಿಯದಲ್ಲಿ ಪ್ರತ್ಯೇಕ ಲೇಖನಗಳಿವೆ, ಒಂದನ್ನೂ ಅಳಿಸಿ ಎಂದು ಗಂಭೀರವಾಗಿ ಹೇಳುವವರಿಲ್ಲ. ಅವರ ಕೆಲಸ 1946ರಲ್ಲಿ ಎಷ್ಟು ದೊಡ್ಡದಿತ್ತೋ ಈಗಲೂ ಅಷ್ಟೇ ದೊಡ್ಡದು. ನಡುವೆ ಬದಲಾದದ್ದು ಒಂದೇ, ಯಾರೋ ಹೋಗಿ ಕೇಳಿ, ತಾಳೆ ನೋಡಿ, ಬರೆದರು.

ಸಂಪಾದಕರೇ, ಪತ್ರವನ್ನು ತಮಗೆ ಬರೆಯಲು ಕಾರಣ ಇದು. ವಿಶ್ವಕೋಶ ಪತ್ರಿಕೆ ಮತ್ತು ಪುಸ್ತಕಗಳ ಹಿಂದೆ ನಡೆಯುತ್ತದೆ, ಮುಂದೆ ಹೋಗಲು ಅದಕ್ಕೆ ಸಾಧ್ಯವಿಲ್ಲ, ಹೋಗಲೂಬಾರದು. ಪತ್ರಿಕೆಗಳು ತಂತ್ರಜ್ಞಾನದ ಬಗ್ಗೆ ಬರೆಯುವುದಿಲ್ಲ ಎಂದಲ್ಲ. ಕಂಪನಿಗಳ ಬಗ್ಗೆ, ಹೊಸ ಫೋನುಗಳ ಬಗ್ಗೆ, ಷೇರು ಬೆಲೆಗಳ ಬಗ್ಗೆ ಧಾರಾಳವಾಗಿ ಬರೆಯುತ್ತವೆ. 2011ರ ಅಕ್ಟೋಬರ್‌ನಲ್ಲಿ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳ ಮುಖಪುಟಗಳು ಅವರಿಗೆ ಮೀಸಲಾದವು, ಅದು ಸಲ್ಲಬೇಕಾದ ಗೌರವವೇ. ಅದಾಗಿ ಒಂದು ವಾರದ ಆಸುಪಾಸಿನಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ, ಕೆನ್ ಥಾಂಪ್ಸನ್ ಜೊತೆ ಯುನಿಕ್ಸ್ ಕಟ್ಟಿದ ಡೆನಿಸ್ ರಿಚಿ ತೀರಿಕೊಂಡರು. ಜಾಬ್ಸ್ ಅವರ ಕಂಪನಿಯ ಯಂತ್ರಗಳೂ ಆ ಅಡಿಪಾಯದ ಮೇಲೆಯೇ ನಿಂತಿದ್ದವು. ರಿಚಿ 1983ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು, ಅವರ ಕೆಲಸದ ಬಗ್ಗೆ ಬೇಕಾದಷ್ಟು ಬರವಣಿಗೆಯಿತ್ತು, ವಿಶ್ವಕೋಶದಲ್ಲಿ ಅವರ ಸ್ಥಾನಕ್ಕೆ ಕುಂದಿರಲಿಲ್ಲ. ಅವರಂಥವರ ಸಾವೇ ಅಷ್ಟು ಸಣ್ಣ ಸುದ್ದಿಯಾದರೆ, ಪ್ರಶಸ್ತಿ ಇಲ್ಲದ, ಪುಸ್ತಕದಲ್ಲಿ ಬಾರದ ಪ್ರೋಗ್ರಾಮರ್ ಬಗ್ಗೆ ಅವರು ಬದುಕಿರುವಾಗ ಯಾರು ಬರೆಯುತ್ತಾರೆ?

ಬರೆಯುವ ಸಂದರ್ಭ ಒದಗುವುದು ಏನಾದರೂ ಕೆಟ್ಟಾಗ ಮಾತ್ರ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬೆಳಕಿಗೆ ಬಂದ ಮೇಲೆಯೇ, ಅದು ಅಡಗಿದ್ದ, ಜಾಲತಾಣಗಳ ಗೌಪ್ಯತೆಯನ್ನು ಕಾಯುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ ಅನ್ನು ಬೆರಳೆಣಿಕೆಯ ಜನ ಅಲ್ಪಸ್ವಲ್ಪ ದೇಣಿಗೆಯಲ್ಲಿ ನಡೆಸುತ್ತಿದ್ದಾರೆ ಎಂಬುದು ಸಾಮಾನ್ಯ ಓದುಗರಿಗೆ ತಿಳಿದದ್ದು. 2024ರ ಮಾರ್ಚ್‌ನಲ್ಲಿ ಫೈಲುಗಳ ಗಾತ್ರ ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಾಧನದೊಳಗೆ, ಯಂತ್ರಗಳಿಗೆ ಗುಟ್ಟಾಗಿ ನುಗ್ಗಲೆಂದು ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಪರೀಕ್ಷೆಗಳ ನಡುವೆ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣ ಹುಡುಕುತ್ತ ಹೋಗಿ ಅದನ್ನು ಹಿಡಿದರು. ಆ ಸಾಧನವನ್ನು ವರ್ಷಗಳಿಂದ ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ, ದಣಿದು ನೋಡಿಕೊಳ್ಳುತ್ತಿದ್ದರು; ಸಹಾಯಕ್ಕೆ ಬಂದವನಂತೆ ನಟಿಸಿದ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿಕೊಂಡು ಈ ಕೆಲಸ ಮಾಡಿತು. ಇದೆಲ್ಲ ವಿವರವಾಗಿ ಬರೆಯಲ್ಪಟ್ಟದ್ದು ಅನಾಹುತದ ಅಂಚಿಗೆ ಬಂದ ಮೇಲೆ. ಅದಕ್ಕೆ ಮೊದಲು ಯಾರಾದರೂ ವರದಿಗಾರರು ಆ ಒಂಟಿ ನಿರ್ವಾಹಕರ ಕೆಲಸದ ಬಗ್ಗೆ ಒಂದು ಸಾಧಾರಣ ಲೇಖನ ಬರೆದಿದ್ದರೆ ಅದರಿಂದ ವಿಶ್ವಕೋಶಕ್ಕಷ್ಟೇ ಅಲ್ಲ, ಅದಕ್ಕೂ ಮೀರಿದ ದೊಡ್ಡ ಉಪಕಾರವಾಗುತ್ತಿತ್ತು.

ಚರ್ಚೆ ನಡೆಸುವ ನನ್ನ ಜೊತೆಗಾರರಿಗೂ ಒಂದು ಮಾತು ಹೇಳುವುದಿದೆ. ಉಳಿಸು, ಅಳಿಸು ಎಂಬ ಎರಡೇ ದಾರಿಗಳಿಲ್ಲ. ಬಹಳ ಸಂದರ್ಭಗಳಲ್ಲಿ ಮೂಲಗಳು ಹೇಳುವುದು ತಂತ್ರಾಂಶದ ಬಗ್ಗೆ, ಅದನ್ನು ಬರೆದವರ ಬಗ್ಗೆ ಅಲ್ಲ. ಆಗ ತಂತ್ರಾಂಶದ ಬಗ್ಗೆ ಒಳ್ಳೆಯ ಲೇಖನ ಬರೆಯುವುದು, ಅದರಲ್ಲಿ ಯಾರು, ಯಾವಾಗ, ಯಾವ ಕೊರತೆ ಕಂಡು ಅದನ್ನು ಆರಂಭಿಸಿದರು ಎಂದು ಹೇಳುವುದು, ವ್ಯಕ್ತಿಯ ಹೆಸರನ್ನು ಹುಡುಕಿದವರು ಆ ಪುಟಕ್ಕೆ ಬಂದು ತಲುಪುವಂತೆ ಮಾಡುವುದು ಸರಿಯಾದ ಕ್ರಮ. ಅದು ಸೋಲೂ ಅಲ್ಲ, ಅವಮಾನವೂ ಅಲ್ಲ. ಮುಂದೆ ಮೂಲಗಳು ಬಂದಾಗ ಅದೇ ಭಾಗವನ್ನು ಪ್ರತ್ಯೇಕ ಲೇಖನವಾಗಿ ಬೆಳೆಸಲು ಯಾವ ಅಡ್ಡಿಯೂ ಇಲ್ಲ. ಮೇಲೆ ಹೇಳಿದ ಚರ್ಚೆಯಲ್ಲಿ ನಾನು ಸೂಚಿಸಿದ್ದೂ ಇದನ್ನೇ. ಪುಸ್ತಕದ ಆ ಅಧ್ಯಾಯವನ್ನು ಆಧಾರವಾಗಿಟ್ಟುಕೊಂಡು ತಂತ್ರಾಂಶದ ಲೇಖನವನ್ನು ವಿಸ್ತರಿಸಲಾಯಿತು, ವ್ಯಕ್ತಿಯ ಪುಟ ಅಲ್ಲಿಗೆ ಕರೆದೊಯ್ಯುವ ಕೊಂಡಿಯಾಗಿ ಉಳಿಯಿತು. ಅಂಥದೇ ಇನ್ನೊಂದು ಮೂಲ ಸಿಕ್ಕರೆ ಪ್ರತ್ಯೇಕ ಲೇಖನಕ್ಕೆ ನಾನೇ ಮೊದಲು ಕೈಹಾಕುತ್ತೇನೆ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ತಂತ್ರಜ್ಞಾನಕ್ಕೆ ಮೀಸಲಾದ ಪುಟದಲ್ಲಿ ಆಗೊಮ್ಮೆ ಈಗೊಮ್ಮೆಯಾದರೂ, ಜನ ದಿನಬಳಕೆಯಲ್ಲಿ ನೆಚ್ಚಿರುವ ಒಂದು ತಂತ್ರಾಂಶವನ್ನು ಆರಿಸಿಕೊಂಡು, ಅದನ್ನು ಬರೆದವರು ಯಾರು, ಯಾವ ವರ್ಷ, ಯಾವ ತೊಡಕನ್ನು ಬಿಡಿಸಲು ಬರೆದರು, ಈಗ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ವರದಿ ಮಾಡಿಸಿ. ಬರೆದವರ ಮಾತನ್ನಷ್ಟೇ ಕೇಳಿ ಬಿಡದೆ, ಅದನ್ನು ಬಳಸುವ, ಅದರ ದೋಷಗಳನ್ನೂ ಬಲ್ಲ ಇಬ್ಬರನ್ನಾದರೂ ವಿಚಾರಿಸಲಿ, ಒಪ್ಪದವರಿದ್ದರೆ ಅವರ ಮಾತೂ ಇರಲಿ. ಕಂಪನಿಯ ಪತ್ರಿಕಾ ಪ್ರಕಟಣೆಯನ್ನು ಹೆಸರು ಬದಲಿಸಿ ಅಚ್ಚು ಹಾಕಿದರೆ ಅದು ನಮಗೆ ಉಪಯೋಗಕ್ಕೆ ಬರುವುದಿಲ್ಲ, ತಮ್ಮ ಓದುಗರಿಗೂ ಬರಲಾರದು. ವರದಿಯ ಮೇಲೆ ವರದಿಗಾರರ ಹೆಸರು, ದಿನಾಂಕ ಇರಲಿ, ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಒಂದೇ ವಿಳಾಸದಲ್ಲಿ ಉಳಿಯುವಂತೆ ನೋಡಿಕೊಳ್ಳಿ. ವಿಳಾಸ ಬದಲಾಗಿ ಪುಟ ತೆರೆಯದೆ ಹೋದ ಉಲ್ಲೇಖಗಳಿಂದ ನಾವು ಕಳೆದುಕೊಂಡಿರುವ ಮಾಹಿತಿ ಅಷ್ಟಿಷ್ಟಲ್ಲ.

ಇಂತಿ,
ವಿಕಿಪೀಡಿಯದ ಸ್ವಯಂಸೇವಕ ಸಂಪಾದಕ, ತಮ್ಮ ಪತ್ರಿಕೆಯ ಓದುಗ